ಮಂಚದ ಪಕ್ಕದ ಕುರ್ಚಿ

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬುಗುರಿ ಎಂದು. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜಾಯಮಾನ ಅವಳದಲ್ಲ. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದಾಗಲೂ ಅವಳ ತರಗತಿ ಒಳಗಿದ್ದದ್ದಕ್ಕಿಂತ ಅಂಗಳದಲ್ಲಿ ಇದ್ದದ್ದೇ ಹೆಚ್ಚು.

ಅವಳು ಹುಟ್ಟಿ ಬೆಳೆದದ್ದು ಜನ ಗಿಜಿಗುಟ್ಟುವ ಮನೆಯಲ್ಲಿ. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು, ಇವರಲ್ಲದೆ ಬರುವವರು ಹೋಗುವವರು. ಬಚ್ಚಲಿಗೂ ಪಾಳಿ, ಕನ್ನಡಿಗೂ ಪಾಳಿ. ಅಂಥ ಮನೆಯ ಹುಡುಗಿ ಒಂದು ದಿನ, ದೂರದ ದೇಶದಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳ ಆಶ್ರಮವೊಂದಿದೆ, ಅಲ್ಲಿ ಒಂದು ವರ್ಷ ಸಂಬಳವಿಲ್ಲದೆ ಕೆಲಸ ಮಾಡಲು ಹೋಗುತ್ತೇನೆ ಎಂದಳು. ಚಿಕ್ಕಪ್ಪ ನಕ್ಕುಬಿಟ್ಟ.

"ಮನೇಲಿರೋ ಮಕ್ಕಳ ಮೂಗು ಒರೆಸು ಅಂದ್ರೆ ಹಿತ್ತಲ ಕಡೆ ಓಡ್ತಿದ್ದೆ. ಈಗ ಸಮುದ್ರ ದಾಟಿ ಹೋಗಿ ಒರೆಸ್ತೀಯಾ?"

ಅಜ್ಜಿ ನಗಲಿಲ್ಲ. "ಹೋಗ್ಲಿ ಬಿಡೋ. ಈಗ ತಡೆದ್ರೆ ಮುದುಕಿ ಆಗೋವರೆಗೂ ಬಾಗಿಲು ನೋಡ್ಕೊಂಡು ಕೂತಿರ್ತಾಳೆ" ಎಂದಳು. ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಎದುರಾಡುವವರು ಇರಲಿಲ್ಲ.

ಆಶ್ರಮದಲ್ಲಿ ಜಾಗ ಖಾಲಿಯಾಗುವುದಕ್ಕೆ ಇನ್ನೂ ಕೆಲವು ತಿಂಗಳು ಇತ್ತು. ಬುಗುರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲೇ ಹೊರಟು, ಆ ದೇಶದ ಬಂದರು ಪಟ್ಟಣವೊಂದರಲ್ಲಿ ಇಳಿದಳು. ಪ್ರವಾಸಿಗಳು ತಂಗುವ ಒಂದು ಹಾಸ್ಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸ ಸಿಕ್ಕಿತು. ಕೂಲಿಯ ಬದಲು ಮಲಗುವುದಕ್ಕೆ ಜಾಗ, ಎರಡು ಹೊತ್ತಿನ ಊಟ. ಮಲಗುವ ಜಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ತಲೆದಿಂಬಿನ ಚೀಲಗಳನ್ನು ಒಟ್ಟಿದ್ದ ಕಪಾಟಿಗೂ ಗೋಡೆಗೂ ನಡುವೆ ಅವಳ ಮಂಚ. ಯಾರಾದರೂ ಮೆಟ್ಟಿಲು ಹತ್ತಿದರೆ ನೆತ್ತಿಯ ಮೇಲೇ ನಡೆದಂತೆ ಕೇಳುತ್ತಿತ್ತು.

ಬಂದ ಹೊಸದರಲ್ಲಿ ಎಲ್ಲವೂ ಚೆಂದ ಕಂಡಿತು. ಯಾರೂ ಅವಳನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. ಬೀದಿಯ ಕೊನೆಯವರೆಗೂ ನಡೆದು, ಅಲ್ಲಿಂದ ಇನ್ನೊಂದು ಬೀದಿಗೆ ತಿರುಗಿ, ದಾರಿ ತಪ್ಪಿ, ಸಮುದ್ರದ ಗಾಳಿ ಹಿಡಿದು ವಾಪಸು ಬರುತ್ತಿದ್ದಳು. ಹಾಸ್ಟೆಲಿಗೆ ಬರುವ ಹುಡುಗ ಹುಡುಗಿಯರೂ ಸ್ನೇಹಜೀವಿಗಳೇ. ಸಂಜೆ ಅಡುಗೆಕೋಣೆಯಲ್ಲಿ ಕೂತು ಜನ್ಮಾಂತರದ ಗೆಳೆಯರ ಹಾಗೆ ಹರಟುತ್ತಿದ್ದರು. ಬೆಳಿಗ್ಗೆ ಅವರ ಮಂಚ ಖಾಲಿ. ಅವಳ ಪಾಲಿಗೆ ಉಳಿಯುತ್ತಿದ್ದದ್ದು ಅವರ ಮುದುರಿದ ಹೊದಿಕೆ, ಒಂಟಿ ಕಾಲುಚೀಲ, ಅರ್ಧ ಮುಗಿದ ಶಾಂಪೂ. ಕೆಲವು ವಾರ ಹೀಗೆ ಕಳೆದ ಮೇಲೆ ಅವಳು ಸಂಜೆ ಅಡುಗೆಕೋಣೆಗೆ ಹೋಗುವುದನ್ನೇ ಬಿಟ್ಟಳು. ನಾಳೆ ಹೋಗುವವರಿಗೆ ಇವತ್ತು ತನ್ನ ಮನೆಯವರ ಕಥೆ ಹೇಳಿ ಏನು ಬಂತು?

ಎಷ್ಟೋ ದಿನ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸಂಜೆ ಅಂಗಡಿಯವನಿಗೆ ಏನೋ ಹೇಳಲು ಹೋದರೆ ಮಾತಿಗೆ ಮೊದಲು ಕೆಮ್ಮು ಬರುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತು, "ತಿರುಗು ತಾಯಿ, ತಿರುಗು. ನಿನಗೂ ಬೇರೆ ಕೆಲಸ ಇಲ್ಲ, ನನಗೂ ಇಲ್ಲ" ಎಂದು ಕನ್ನಡದಲ್ಲಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಮನೆಯಿಂದ ಫೋನ್ ಬಂದಾಗ ಮಾತ್ರ ಗೂಡಿನ ತುಂಬ ಗಲಾಟೆ. ಅಮ್ಮ ಮಾತಾಡುತ್ತಿದ್ದರೆ ಹಿಂದಿನಿಂದ ಚಿಕ್ಕಮ್ಮ ಕೂಗುತ್ತಿದ್ದಳು, ಮಕ್ಕಳು ಫೋನ್ ಕಿತ್ತುಕೊಳ್ಳುತ್ತಿದ್ದರು. "ಹೇಗಿದ್ದೀಯೇ?" ಎಂದರೆ "ಮಜವಾಗಿದ್ದೀನಿ" ಎನ್ನುತ್ತಿದ್ದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಆಶ್ರಮ ಸೇರಿಬಿಟ್ಟರೆ ಎಲ್ಲ ಸರಿಹೋಗುತ್ತದೆ, ಮಕ್ಕಳು ಸುತ್ತುಗಟ್ಟಿದರೆ ಇದೆಲ್ಲ ನೆನಪಿಗೂ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ದಿನ ತಳ್ಳಿದಳು.

ಕೊನೆಗೆ ಆ ದಿನವೂ ಬಂತು. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಆಶ್ರಮ ಊರಾಚೆಯ ಎರಡಂತಸ್ತಿನ ಹಳೆಯ ಕಟ್ಟಡ. ಅದನ್ನು ನಡೆಸುತ್ತಿದ್ದ ಮೇಲ್ವಿಚಾರಕಿ ಎತ್ತರದ ಹೆಂಗಸು, ಸೊಂಟದಲ್ಲಿ ಬೀಗದಕೈ ಗೊಂಚಲು. ಇಬ್ಬರಿಗೂ ಅಷ್ಟಿಷ್ಟು ಬರುವ ಒಂದು ಭಾಷೆಯಲ್ಲಿ ಆಕೆ ಕೆಲಸ ವಿವರಿಸಿದಳು. ಪಾತ್ರೆ, ಬಟ್ಟೆ, ಹಾಸಿಗೆ. ಬಿಡುವಾದರೆ ಮಕ್ಕಳ ಜೊತೆ ಆಟ.

ಮಕ್ಕಳು ಸುತ್ತುಗಟ್ಟಲಿಲ್ಲ. ಕಣ್ಣೆತ್ತಿ ನೋಡಿ ಮತ್ತೆ ತಮ್ಮ ಆಟಕ್ಕೆ ಹೋದವು. ಮುಂದಿನ ಹಲ್ಲು ಬಿದ್ದಿದ್ದ ಒಂದು ಹುಡುಗಿ ಮಾತ್ರ ಹತ್ತಿರ ಬಂದು ಏನೋ ಕೇಳಿತು. ಬುಗುರಿ ಮೇಲ್ವಿಚಾರಕಿಯ ಮುಖ ನೋಡಿದಳು.

"ನೀನು ಯಾವಾಗ ವಾಪಸ್ ಹೋಗ್ತೀಯ ಅಂತ ಕೇಳ್ತಿದಾಳೆ" ಎಂದಳು ಮೇಲ್ವಿಚಾರಕಿ. "ಬೇಜಾರು ಮಾಡ್ಕೋಬೇಡಿ. ಬಂದೋರಿಗೆಲ್ಲ ಅದನ್ನೇ ಕೇಳ್ತಾಳೆ."

"ಒಂದು ವರ್ಷ ಇರ್ತೀನಿ ಅಂತ ಹೇಳಿ" ಎಂದಳು ಬುಗುರಿ. ಹುಡುಗಿ ಅದನ್ನು ಕೇಳಿಸಿಕೊಂಡು, ನಂಬಿದ ಹಾಗೂ ಅಲ್ಲದ, ನಂಬದ ಹಾಗೂ ಅಲ್ಲದ ಮುಖ ಮಾಡಿಕೊಂಡು ಹೋಯಿತು.

ವಾರ ತುಂಬುವ ಮೊದಲೇ ಅವಘಡವಾಯಿತು. ಮಕ್ಕಳು ಒದ್ದೆ ಮಾಡಿದ ಹಾಸಿಗೆಯನ್ನು ಬಿಸಿಲಿಗೆ ಹಾಕಲೆಂದು ಬುಗುರಿ ಅದನ್ನು ತಬ್ಬಿಕೊಂಡು ಮಹಡಿಯಿಂದ ಇಳಿಯುತ್ತಿದ್ದಳು. ಮುಂದೆ ಏನೂ ಕಾಣುತ್ತಿರಲಿಲ್ಲ. ಜೋತುಬಿದ್ದ ಹಾಸಿಗೆಯ ತುದಿಯನ್ನು ತಾನೇ ತುಳಿದಳು. ಹಾಸಿಗೆ ಮೊದಲು ಕೆಳಗೆ ತಲುಪಿತು, ಅವಳು ಆಮೇಲೆ. ಆದರೆ ಬಿದ್ದದ್ದು ಹಾಸಿಗೆಯ ಮೇಲಲ್ಲ. ಬಲಗಾಲು ಮೊಣಕಾಲ ಕೆಳಗೆ ತಿರುಚಿಕೊಂಡು ಮುರಿಯಿತು. ಮಕ್ಕಳೆಲ್ಲ ಓಡಿಬಂದು ಸುತ್ತುಗಟ್ಟಿ ನಿಂತವು. ಅವು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಹತ್ತಿರದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂಳೆಗೆ ಸರಳು ಹಾಕಿದರು. ಮೇಲ್ವಿಚಾರಕಿ ಅವಳ ಚೀಲ ತಂದುಕೊಟ್ಟು, ಮಂಚದ ಪಕ್ಕ ನಿಂತೇ ಮಾತಾಡಿದಳು.

"ಆಸ್ಪತ್ರೆ ಖರ್ಚೆಲ್ಲ ವಿಮೆಯವರು ನೋಡ್ಕೋತಾರೆ, ಅದರ ಚಿಂತೆ ಬೇಡ. ಆದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಕರೆಸ್ಕೊಂಡಿದೀವಿ. ಕೆಲಸ ನಿಲ್ಲೋ ಹಾಗಿಲ್ವಲ್ಲ."

"ಮಕ್ಕಳು ಕೇಳಿದ್ರಾ?" ಎಂದಳು ಬುಗುರಿ.

ಮೇಲ್ವಿಚಾರಕಿ ಸುಳ್ಳು ಹೇಳುವವಳಲ್ಲ. "ಅವಕ್ಕೆ ರೂಢಿಯಾಗಿದೆ" ಎಂದಷ್ಟೇ ಹೇಳಿ, ಹೊದಿಕೆಯನ್ನು ಸರಿಮಾಡಿ ಹೊರಟಳು.

ವಾರ್ಡಿನಲ್ಲಿ ಆರು ಮಂಚ. ಮಧ್ಯಾಹ್ನದ ಊಟದ ನಂತರ ನೋಡಲು ಬರುವವರ ಹೊತ್ತು. ಬಾಗಿಲು ತೆರೆದದ್ದೇ ತಡ, ಹೆಜ್ಜೆಗಳ ಸದ್ದು, ಚೀಲಗಳ ಸರಬರ, ಮುತ್ತು, ಗೊಣಗಾಟ. ಎದುರು ಮಂಚದ ಹೆಂಗಸಿಗೆ ಇಬ್ಬರು ಗಂಡುಮಕ್ಕಳು. ಬಂದು ತಾಯಿಯ ಕಾಲ ಬಳಿ ನಿಂತು ಪಿಸುದನಿಯಲ್ಲಿ ಜಗಳವಾಡುತ್ತಿದ್ದರು. ಆ ಜಗಳ ನೋಡಿಯೂ ಬುಗುರಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳು ಗೋಡೆ ಕಡೆ ಮುಖ ಮಾಡಿ ನಿದ್ದೆ ಹೋದಂತೆ ನಟಿಸುತ್ತಿದ್ದಳು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಟಿಸುವವರನ್ನು ಎಬ್ಬಿಸಲಾಗದು ಅನ್ನುತ್ತಾರೆ. ಅವಳನ್ನು ಎಬ್ಬಿಸಲು ಯಾರೂ ಬರಲೇ ಇಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಬೂದು ಕೋಟು ತೊಟ್ಟ ವಯಸ್ಸಾದ ಹೆಂಗಸು. ಎದೆಯ ಮೇಲೆ ಹಳದಿ ಗುರುತುಪಟ್ಟಿ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ನೆಟ್ಟಗೆ ಕೂತಿದ್ದಳು. ಏನೋ ಹೇಳಿದಳು. ಬುಗುರಿಗೆ ಅರ್ಥವಾಗಲಿಲ್ಲ. ಆಕೆ ಚೀಲದಿಂದ ಪೇಪರ್ ತೆಗೆದು ಗಟ್ಟಿಯಾಗಿ ಓದಲು ಶುರುಮಾಡಿದಳು. ಅದೂ ಅರ್ಥವಾಗಲಿಲ್ಲ. ಒಂದು ಪುಟ ಮುಗಿಸಿ ಇನ್ನೊಂದು ಪುಟ. ಗಂಟೆ ಬಾರಿಸಿದಾಗ ಪೇಪರ್ ಮಡಚಿ, ತಲೆಯಾಡಿಸಿ ಹೊರಟುಹೋದಳು.

ಬುಗುರಿ ನರ್ಸನ್ನು ಕರೆದಳು. ಬುಗುರಿ ಮೇಲ್ವಿಚಾರಕಿಯ ಜೊತೆ ಆಡುತ್ತಿದ್ದ ಭಾಷೆ ದಪ್ಪ ಕನ್ನಡಕದ ಆ ನರ್ಸಿಗೆ ಚೆನ್ನಾಗಿ ಬರುತ್ತಿತ್ತು.

"ಸಿಸ್ಟರ್, ಆಕೆ ಯಾರು?"

"ಸ್ವಯಂಸೇವಕಿ. ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡೋ ಕೆಲಸದಲ್ಲಿದ್ದಳು. ರಿಟೈರ್ ಆದ ಮೇಲೆ ಇಲ್ಲಿಗೆ ಬರ್ತಾಳೆ. ಯಾರೂ ನೋಡೋಕೆ ಬರದೆ ಇರೋರ ಹತ್ರ ಕೂರ್ತಾಳೆ."

ಬುಗುರಿಯ ಮುಖ ಬಿಸಿಯಾಯಿತು. "ನನಗೆ ಯಾರೂ ಬೇಡ ಅಂತ ಹೇಳಿಬಿಡಿ."

"ನೀನೇ ಹೇಳು. ನಾನಂತೂ ಹೇಳಲ್ಲ" ಎಂದಳು ನರ್ಸ್, ದಿಂಬು ಕುಟ್ಟುತ್ತ. "ಈ ವಾರ್ಡಲ್ಲಿ ಯಾರೂ ಬರದೆ ಇರೋಳು ನೀನೊಬ್ಬಳೇ. ನಿನ್ನನ್ನ ಬಿಟ್ಟು ಅವಳು ಯಾರ ಹತ್ರ ಕೂರ್ಬೇಕು?"

ಆ ಮಾತು ಕಾಲಿನ ನೋವಿಗಿಂತ ಹೆಚ್ಚು ನೋಯಿಸಿತು. ಊರಿನಿಂದ ಹೊರಡುವ ಮೊದಲು ಬುಗುರಿ ಆಶ್ರಮದವರು ಕೊಡಿಸಿದ ತರಬೇತಿಯಲ್ಲಿ ಎಲ್ಲವನ್ನೂ ಕಲಿತಿದ್ದಳು. ಹೇಗೆ ನಗಬೇಕು, ಹೇಗೆ ತಲೆ ಸ್ವಲ್ಪ ವಾಲಿಸಿ ಕೇಳಬೇಕು, ಕಷ್ಟದಲ್ಲಿರುವವರ ಕೈ ಯಾವಾಗ ಹಿಡಿಯಬೇಕು, ಯಾವಾಗ ಹಿಡಿಯಬಾರದು. ಕೈ ಹಿಡಿಸಿಕೊಳ್ಳುವವರಿಗೆ ಹೇಗಾಗುತ್ತದೆ ಎಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಕೆ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಬುಗುರಿ ಮನಸ್ಸಿನಲ್ಲೇ ಅವಳಿಗೆ ಟಿಕೆಟ್ಟಮ್ಮ ಎಂದು ಹೆಸರಿಟ್ಟಳು. ತರಬೇತಿಯವರು ನೋಡಿದ್ದರೆ ಆಕೆಯನ್ನು ಫೇಲು ಮಾಡುತ್ತಿದ್ದರು. ನಗುತ್ತಿರಲಿಲ್ಲ, ಕೈ ಹಿಡಿಯುತ್ತಿರಲಿಲ್ಲ. ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದಳು, ಟಿಕೆಟ್ ಇದೆಯೋ ಇಲ್ಲವೋ ಎನ್ನುವ ಹಾಗೆ. ಆದರೂ ಊಟದ ತಟ್ಟೆ ತೆಗೆದ ಮೇಲೆ ಬುಗುರಿಯ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

ಒಂದು ದಿನ ಟಿಕೆಟ್ಟಮ್ಮ ಪೇಪರ್ ತೆಗೆಯಲಿಲ್ಲ. ಬುಗುರಿಯ ತಲೆಯನ್ನೇ ನೋಡುತ್ತಿದ್ದಳು. ಬಿದ್ದ ದಿನದಿಂದ ಕೂದಲು ಬಾಚಿರಲಿಲ್ಲ, ದಿಂಬಿಗೆ ಉಜ್ಜಿ ಉಜ್ಜಿ ಹಿಂದಲೆ ಗುಬ್ಬಿಗೂಡಾಗಿತ್ತು. ಆಕೆ ಚೀಲದಿಂದ ಬಾಚಣಿಗೆ ತೆಗೆದು, "ಆಗಬಹುದಾ?" ಎಂಬಂತೆ ಎತ್ತಿ ತೋರಿಸಿದಳು. ಬುಗುರಿ ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನೆ ಎದ್ದು ಕೂತಳು.

ಟಿಕೆಟ್ಟಮ್ಮನಿಗೆ ಉದ್ದ ಕೂದಲು ಬಾಚಿ ಗೊತ್ತೇ ಇರಲಿಲ್ಲ. ಬುಡದಿಂದಲೇ ಎಳೆದಳು. ಬುಗುರಿಯ ಕಣ್ಣಲ್ಲಿ ನೀರು ಬಂತು. ಗಂಟು ಬಿಡಿಸುತ್ತ ಬಿಡಿಸುತ್ತ ಆಕೆ ತನ್ನ ಭಾಷೆಯಲ್ಲಿ ಗೊಣಗುತ್ತಿದ್ದಳು, ಬಹುಶಃ ಕೂದಲನ್ನು ಬೈಯುತ್ತಿದ್ದಳು. ಕೊನೆಗೆ ಹೆಣೆದ ಜಡೆ ಹಗ್ಗದ ಹಾಗೆ ಬಿಗಿಯಾಗಿ, ಒಂದು ಕಿವಿಯ ಕಡೆ ವಾಲಿತ್ತು. ಅಮ್ಮ ನೋಡಿದ್ದರೆ ಹಸುವಿನ ಬಾಲವೇ ವಾಸಿ ಎನ್ನುತ್ತಿದ್ದಳು. ಬುಗುರಿ ಆ ಜಡೆಯನ್ನು ಬಿಚ್ಚಲಿಲ್ಲ. ಅದರ ಬಿಗಿಗೆ ತಲೆ ನೋಯುತ್ತಿದ್ದರೂ ಹಾಗೇ ಮಲಗಿದಳು.

ಮನೆಯವರಿಗೆ ಅವಳು ಕಾಲು ಉಳುಕಿದೆ ಎಂದಷ್ಟೇ ಹೇಳಿದ್ದಳು. ವಿಡಿಯೋದಲ್ಲಿ ಮುಖ ಬಿಟ್ಟು ಬೇರೇನೂ ಕಾಣದ ಹಾಗೆ ಫೋನ್ ಹಿಡಿಯುತ್ತಿದ್ದಳು. ಆದರೆ ಅಜ್ಜಿಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಒಂದು ಮಧ್ಯಾಹ್ನ, ಟಿಕೆಟ್ಟಮ್ಮ ಪಕ್ಕದಲ್ಲಿ ಕೂತಿದ್ದಾಗಲೇ ಫೋನ್ ಬಂತು.

"ಏನೇ ಅದು ನಿನ್ನ ತಲೆ ಹಿಂದೆ?" ಎಂದಳು ಅಜ್ಜಿ.

"ಎಲ್ಲಿ?"

"ಕಬ್ಬಿಣದ ಸರಳು. ಯಾರ ಮನೇಲಿ ಮಂಚಕ್ಕೆ ಕಟಕಟೆ ಇರುತ್ತೆ? ಜೈಲಿನಲ್ಲಿದ್ದೀಯೋ, ಆಸ್ಪತ್ರೇಲಿದ್ದೀಯೋ? ಯಾವುದು ಅಂತ ಹೇಳು, ಮಿಕ್ಕಿದ್ದು ಆಮೇಲೆ."

ಬುಗುರಿ ಹೇಳಿದಳು. ಆ ಕಡೆ ಮನೆಯೇ ಎದ್ದು ಕೂತಿತು. ಅಮ್ಮ ಅಳುತ್ತ ಬಚ್ಚಲಿಗೆ ಹೋದಳು. ಚಿಕ್ಕಪ್ಪ ನಾಳೆಯೇ ಹೊರಡುತ್ತೇನೆ ಎಂದ. ಪಾಸ್‌ಪೋರ್ಟ್ ಎಲ್ಲಿದೆ ಎಂದು ಚಿಕ್ಕಮ್ಮ ಕೇಳಿದಾಗ ಕೂತ. ಅಪ್ಪ ಫೋನ್ ತೆಗೆದುಕೊಂಡು "ಊಟ ಆಯ್ತಾ?" ಎಂದು ಎರಡು ಸಲ ಕೇಳಿ ಮತ್ತೆ ಅಜ್ಜಿಗೆ ಕೊಟ್ಟ.

"ಹತ್ರ ಯಾರಿದಾರೆ?" ಎಂದಳು ಅಜ್ಜಿ.

ಬುಗುರಿ ಫೋನನ್ನು ಟಿಕೆಟ್ಟಮ್ಮನ ಕಡೆ ತಿರುಗಿಸಿದಳು.

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಜ್ಜಿ ಮಾತು ಶುರುಮಾಡಿದಳು, ಪಕ್ಕದ ಮನೆಯವಳ ಹತ್ತಿರ ಆಡುವಂತೆ. "ನೋಡಮ್ಮ, ಇವಳಿಗೆ ಹಸಿವಾದ್ರೆ ಹೇಳಲ್ಲ, ಮುಖ ಊದಿಸ್ಕೊಂಡು ಕೂರ್ತಾಳೆ. ಅದನ್ನ ಕೋಪ ಅಂತ ತಿಳ್ಕೋಬೇಡ. ರಾತ್ರಿ ಹೊದಿಕೆ ಒದೀತಾಳೆ. ನೋವಾಯ್ತಾ ಅಂದ್ರೆ ಇಲ್ಲ ಅಂತಾಳೆ, ನಂಬಬೇಡ." ಟಿಕೆಟ್ಟಮ್ಮ ಗಂಭೀರವಾಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಾನೂ ತನ್ನ ಭಾಷೆಯಲ್ಲಿ ಅಷ್ಟೇ ಹೊತ್ತು ಮಾತಾಡಿದಳು. ಅಜ್ಜಿ ಹೂಂ, ಹೂಂ ಎನ್ನುತ್ತಿದ್ದಳು.

ಫೋನ್ ವಾಪಸು ಬಂದಾಗ ಬುಗುರಿ ಕೇಳಿದಳು, "ಏನಜ್ಜಿ ಅರ್ಥ ಆಯ್ತು ನಿನಗೆ?"

"ಮಾತು ಯಾರಿಗೆ ಬೇಕೇ? ಒಳ್ಳೆಯವಳು" ಎಂದಳು ಅಜ್ಜಿ. "ಪಾಪ, ಮನೇಲಿ ಯಾರೂ ಇರೋ ಹಾಗೆ ಕಾಣಲ್ಲ. ಯಾರೋ ಕೇಳಿಸ್ಕೋತಾರೆ ಅಂತ ಆದ ತಕ್ಷಣ ಎಷ್ಟು ಮಾತಾಡಿದಳು ನೋಡು" ಎಂದಳು.

ಅದಾದ ಮೇಲೆ ಬುಗುರಿ ಟಿಕೆಟ್ಟಮ್ಮನನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಪೇಪರಿನ ಚಿತ್ರಗಳ ಮೇಲೆ ಬೆರಳಿಟ್ಟು ಇದಕ್ಕೇನಂತೀರಿ ಎಂದು ಸನ್ನೆ ಮಾಡಿ ಕೇಳಿದಳು. ಮನೆ, ನಾಯಿ, ಹಡಗು, ಮಂತ್ರಿ. ಟಿಕೆಟ್ಟಮ್ಮ ಒಂದೊಂದು ಮಾತನ್ನೂ ತಪ್ಪಿಲ್ಲದೆ ಬರುವ ತನಕ ಹೇಳಿಸುತ್ತಿದ್ದಳು. ಒಂದು ಸಲ ಬುಗುರಿ ಮಂತ್ರಿಗೆ ನಾಯಿ ಎಂದುಬಿಟ್ಟಳು. ಟಿಕೆಟ್ಟಮ್ಮ ನಕ್ಕದ್ದನ್ನು ಅವಳು ನೋಡಿದ್ದು ಆಗಲೇ. ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ, ಸದ್ದಿಲ್ಲದೆ ನಕ್ಕಳು.

ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವುದನ್ನು ಕಲಿತ ವಾರ, ಒಂದು ದಿನ ಟಿಕೆಟ್ಟಮ್ಮ ಬರಲಿಲ್ಲ. ಬುಗುರಿ ಮತ್ತೆ ಹೆಣೆಸಿಕೊಳ್ಳಲೆಂದು ಜಡೆ ಬಿಚ್ಚಿಕೊಂಡು ಕಾದಳು. ಮರುದಿನವೂ ಕುರ್ಚಿ ಖಾಲಿ. ಜ್ವರ ಬಂದಿರಬಹುದು, ಜಾರಿ ಬಿದ್ದಿರಬಹುದು, ಒಂಟಿ ಮನೆ, ಯಾರಿಗೂ ಗೊತ್ತಾಗದೆ ಹೋದರೆ? ಅವಳು ನರ್ಸನ್ನು ಕೇಳಿದಳು.

"ಅವಳಿಗೇನಾಗಿದೆ, ಗುಂಡುಕಲ್ಲಿನ ಹಾಗಿದಾಳೆ. ಕೆಳಗಿನ ವಾರ್ಡಲ್ಲಿದಾಳೆ" ಎಂದಳು ನರ್ಸ್. "ಅಲ್ಲಿ ಹೊಸಬಳು ಒಬ್ಬಳು ಬಂದಿದಾಳೆ, ಹಿಂದೆ ಮುಂದೆ ಯಾರೂ ಇಲ್ಲ. ನೀನು ಇನ್ನೇನು ಮನೆಗೆ ಹೋಗೋಳು ತಾನೇ?"

ಬುಗುರಿ ಊರುಗೋಲು ತೆಗೆದುಕೊಂಡು ಲಿಫ್ಟಿನಲ್ಲಿ ಕೆಳಗಿಳಿದಳು. ವಾರ್ಡಿನ ಬಾಗಿಲ ಗಾಜಿನಿಂದ ನೋಡಿದಳು. ಟಿಕೆಟ್ಟಮ್ಮ ಅದೇ ಬೂದು ಕೋಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತು ಪೇಪರ್ ಓದುತ್ತಿದ್ದಳು. ಮಂಚದಲ್ಲಿದ್ದವಳು ಗೋಡೆ ಕಡೆ ಮುಖ ಮಾಡಿದ್ದಳು. ಗೋಡೆ ಕಡೆ ತಿರುಗಿದ್ದ ಆ ಹೆಂಗಸಿನ ಮೇಲೆ ಬುಗುರಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಟಿಕೆಟ್ಟಮ್ಮ ಅವಳನ್ನು ಕಂಡು ಎದ್ದು ಬಂದಳು. ಊರುಗೋಲನ್ನು, ಆಮೇಲೆ ಕಾಲನ್ನು ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು.

"ನಾಳೆ ಬರ್ತೀರಾ?" ಎಂದು ಬುಗುರಿ ಕೇಳಿದಳು. ವಾರ್ಡಿನಲ್ಲಿ ಕೇಳಿ ಕಲಿತ ಮಾತುಗಳನ್ನೇ ಜೋಡಿಸಿ ಕೇಳಿದಳು.

"ಇಲ್ಲ" ಎಂದಳು ಟಿಕೆಟ್ಟಮ್ಮ. ಒಳಗಿನ ಮಂಚದ ಕಡೆ ಕೈ ತೋರಿಸಿ ಏನೋ ಹೇಳಿದಳು. ಅದರಲ್ಲಿ ಬುಗುರಿಗೆ ತಿಳಿದದ್ದು 'ಒಬ್ಬಳೇ' ಎನ್ನುವುದೊಂದು ಮಾತು. ಆಮೇಲೆ ಆಕೆ ಬುಗುರಿಯ ಆಸ್ಪತ್ರೆ ಅಂಗಿಯ ಬಿಚ್ಚಿಹೋಗಿದ್ದ ಗುಂಡಿ ಹಾಕಿ, ಒಳಗೆ ಹೋಗಿ ಕೂತು, ಪೇಪರನ್ನು ಬಿಟ್ಟಲ್ಲಿಂದ ಓದತೊಡಗಿದಳು.

ಕೆಲವು ದಿನಗಳಲ್ಲಿ ಬುಗುರಿ ಮನೆಗೆ ವಾಪಸಾದಳು. ವಿಮಾನ ನಿಲ್ದಾಣಕ್ಕೆ ಮನೆಮಂದಿಯೆಲ್ಲ ಬಂದಿದ್ದರು. ಅಮ್ಮ ಎರಡು ತಿಂಗಳು ಅವಳನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಬಂದವರೆಲ್ಲ ಕಾಲು ನೋಡಿದರು, ಹೊಲಿಗೆ ನೋಡಿದರು, ತಮಗೆ ಗೊತ್ತಿದ್ದವರ ಕಾಲು ಮುರಿದ ಕಥೆ ಹೇಳಿದರು. ಅಷ್ಟು ಜನರ ನಡುವೆ ಕೂತು ಬುಗುರಿಗೆ ಒಂದೊಂದು ಸಲ ಮೆಟ್ಟಿಲ ಕೆಳಗಿನ ಗೂಡಿಗಿಂತ ಹೆಚ್ಚು ಒಂಟಿ ಎನಿಸುತ್ತಿತ್ತು. ಅಲ್ಲಿ ನಡೆದದ್ದನ್ನು ಹೇಳಲು ಹೋದರೆ ಅದು ಬರೀ ಕಾಲಿನ ಕಥೆಯಾಗಿಬಿಡುತ್ತಿತ್ತು.

ಟಿಕೆಟ್ಟಮ್ಮ ಹೇಗಿದ್ದಾಳೆ ಎಂದು ಅವಳು ನರ್ಸಿಗೆ ಒಂದು ಮೆಸೇಜ್ ಕಳಿಸಿದಳು. ಬಹಳ ದಿನದ ಮೇಲೆ ಉತ್ತರ ಬಂತು. ನಿನ್ನ ನಮಸ್ಕಾರ ಹೇಳಿದೆ, "ಯಾರು, ಕಾಲಿನವಳಾ, ಸೊಂಟದವಳಾ?" ಅಂತ ಕೇಳಿದಳು ಎಂದು ನರ್ಸ್ ಬರೆದಿದ್ದಳು. ಬುಗುರಿ ಅದನ್ನು ಓದಿ ಜೋರಾಗಿ ನಕ್ಕಳು. ನಕ್ಕು ಮುಗಿದ ಮೇಲೆ ಅದನ್ನು ಇನ್ನೊಂದು ಸಲ ಓದಿದಳು.

ಕಾಲು ಪೂರ್ತಿ ಗುಣವಾದ ಮೇಲೆ ಅವಳು ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಜಾಗ ಇದೆಯಾ ಎಂದು ಕೇಳಿದಳು. ಅಲ್ಲಿನ ಭಾಷೆ ಕಲಿಯುತ್ತಿದ್ದೇನೆ, ಇನ್ನೂ ಚೆನ್ನಾಗಿ ಬರುವುದಿಲ್ಲ ಎಂದೂ ಹೇಳಿದಳು. "ಬನ್ನಿ. ಮೆಟ್ಟಿಲು ಮಾತ್ರ ಅವೇ ಇವೆ" ಎಂದಳು ಮೇಲ್ವಿಚಾರಕಿ.

ಬಟ್ಟೆ ಜೋಡಿಸುವಾಗ ಅಮ್ಮ ಬಂದು ಮಂಚದ ತುದಿಯಲ್ಲಿ ಕೂತಳು.

"ಅಷ್ಟು ಅನುಭವಿಸಿದ ಮೇಲೂ ಮತ್ತೆ ಹೋಗ್ತೀಯಾ? ಆ ಮಕ್ಕಳಿಗೆ ನಿನ್ನ ನೆನಪೂ ಇರಲ್ಲ."

"ಇರಲ್ಲಮ್ಮ. ಗೊತ್ತು."

"ಮತ್ತೆ?"

ಬುಗುರಿಗೆ ಮೊದಲ ಸಲ ಹೊರಟಾಗ ಈ ಪ್ರಶ್ನೆಗೆ ದೊಡ್ಡ ದೊಡ್ಡ ಉತ್ತರಗಳಿದ್ದವು. ಈಗ, "ಹೋಗಿ ಇರ್ತೀನಿ ಅಷ್ಟೇ" ಎಂದಳು. "ಹೇಳಿದಷ್ಟು ದಿನ ಇದ್ದು ಬರ್ತೀನಿ."

ಅಮ್ಮ ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಬಸ್ಸು ಆ ಊರು ತಲುಪಿದಾಗ ಸಂಜೆಯಾಗುತ್ತಿತ್ತು. ಎದುರುಗೊಳ್ಳಲು ಯಾರೂ ಬಂದಿರಲಿಲ್ಲ, ಬರುವುದಾಗಿ ಯಾರೂ ಹೇಳಿಯೂ ಇರಲಿಲ್ಲ. ಜೊತೆಗೆ ಇಳಿದವರು ತಮ್ಮ ತಮ್ಮವರ ಜೊತೆ ಹೊರಟುಹೋದರು. ಬುಗುರಿ ಚೀಲ ಹೆಗಲಿಗೇರಿಸಿ, ಹಿಂದಿನ ಸಲದ ದಾರಿ ನೆನಪಾಗದೆ, ಅಂಗಡಿ ಮುಚ್ಚುತ್ತಿದ್ದ ಹೆಂಗಸಿನ ಬಳಿ ಹೋಗಿ, ಆಶ್ರಮಕ್ಕೆ ಹೋಗುವ ದಾರಿ ಯಾವುದು ಎಂದು ಅವಳ ಭಾಷೆಯಲ್ಲೇ ತಪ್ಪಿಲ್ಲದೆ ಕೇಳಿದಳು. ಅಂಗಡಿಯವಳು ಇವಳು ಊರಿನವಳೇ ಎಂದುಕೊಂಡಳೋ ಏನೋ, ಕೈ ಆಡಿಸುತ್ತ ಪಟಪಟನೆ ಉತ್ತರ ಹೇಳಿದಳು. ಬುಗುರಿಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ಧನ್ಯವಾದ ಹೇಳಿ, ಆ ಕೈ ತೋರಿಸಿದ ಕಡೆಗೆ ನಡೆದಳು.